ಸಿನಿಮಾದ ಯುದ್ಧವಿಮಾನಕ್ಕೆ ಇಂಧನ ಯಾಕೆ ಖಾಲಿಯಾಗಲ್ಲ?

ಸಂಪಾದಕರಿಗೆ ನಮಸ್ಕಾರ ಸರ್,

ಯುದ್ಧದ ಸಿನಿಮಾ ಯಾವುದು ಬಂದ್ರೂ ನಿಮ್ಮ ಪುರವಣಿಯ ವಿಮರ್ಶೆಯಲ್ಲಿ ಒಂದು ಸಾಲು ಇದ್ದೇ ಇರುತ್ತೆ, ವಿಮಾನ ಹಾರಾಟದ ದೃಶ್ಯಗಳು ತುಂಬಾ ನೈಜವಾಗಿ ಬಂದಿವೆ ಅಂತ. ಹಿಂದಿದಾದ್ರೂ ಅಷ್ಟೇ, ಇಂಗ್ಲಿಷ್‌ದಾದ್ರೂ ಅಷ್ಟೇ. ಬರೆಯೋರ ಮೇಲೆ ನನಗೇನೂ ಕೋಪ ಇಲ್ಲ, ಅವರಾದ್ರೂ ಎಲ್ಲಿ ನೋಡಿರ್ತಾರೆ, ಯಲಹಂಕದ ಏರ್ ಶೋ ಬಿಟ್ರೆ ನಮ್ಮ ಜನಕ್ಕೆ ಫೈಟರ್ ವಿಮಾನ ಹತ್ತಿರದಿಂದ ಕಾಣೋದು ಥಿಯೇಟರ್‌ನಲ್ಲೇ. ಆದ್ರೆ ನಾನು ಏರ್‌ಫೋರ್ಸ್‌ನಲ್ಲಿ ಇಂಜಿನ್ ಫಿಟ್ಟರ್ ಆಗಿ ಸರ್ವಿಸ್ ಮುಗಿಸಿ ಈಗ ಜಾಲಹಳ್ಳಿಯಲ್ಲಿ ಮನೆ ಮಾಡ್ಕೊಂಡಿರೋನು. ವಿಮಾನ ಹಾರಿಸಿದೋನಲ್ಲ, ಹಾರೋ ಹಾಗೆ ರೆಡಿ ಮಾಡಿ ಕಳಿಸಿದೋನು. ಅದಕ್ಕೇ ಇರಬೇಕು, ಮೊಮ್ಮಕ್ಕಳೆಲ್ಲ ಸ್ಕ್ರೀನ್ ಮೇಲೆ ಮಿಸೈಲ್ ನೋಡ್ತಿದ್ರೆ ನನ್ನ ಕಣ್ಣು ಮಾತ್ರ ಕಾಕ್‌ಪಿಟ್‌ನ ಒಂದು ಮೂಲೆಗೆ ಹೋಗುತ್ತೆ, ಫ್ಯೂಯೆಲ್ ಗೇಜ್ ಎಲ್ಲಿ ಅಂತ. ಮುಕ್ಕಾಲುಪಾಲು ಸಿನಿಮಾಗಳಲ್ಲಿ ಅದು ಕಾಣೋದೇ ಇಲ್ಲ ಸರ್. ನನ್ನ ಇಡೀ ತಕರಾರು ಇದೇ.

ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಲೈನ್‌ನಲ್ಲಿ ಬೆಳಗ್ಗೆ ಶುರುವಾಗ್ತಿದ್ದದ್ದೇ ಇಂಧನದಿಂದ. ಬೌಸರ್ ಅಂದ್ರೆ ಇಂಧನದ ಟ್ಯಾಂಕರ್ ಲಾರಿ ಬರುತ್ತೆ, ಮೊದಲು ಸ್ಯಾಂಪಲ್ ತೆಗೆದು ನೀರು ಸೇರಿದ್ಯಾ ಕಸ ಇದ್ಯಾ ನೋಡ್ತೀವಿ, ಆಮೇಲೆ ತುಂಬಿಸ್ತೀವಿ, ಎಷ್ಟು ತುಂಬಿಸಿದ್ವಿ ಅಂತ ಎಫ್-700 ಅನ್ನೋ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕ್ತೀವಿ, ಅದೇ ಪುಸ್ತಕ ನೋಡಿ ಪೈಲಟ್ ಸಾಹೇಬ್ರು ಸಹಿ ಹಾಕಿದ ಮೇಲೇನೇ ವಿಮಾನ ಅವರದ್ದು. ಆ ಅಂಕಿ ಮೇಲೇನೇ ಅವತ್ತಿನ ಸಾರ್ಟಿಯ, ಅಂದ್ರೆ ಆ ಒಂದು ಹಾರಾಟದ ಜಾತಕ ನಿಂತಿರೋದು. ಎಷ್ಟು ದೂರ ಹೋಗಬಹುದು, ಯಾವ ಎತ್ತರದಲ್ಲಿ ಹೋಗಬೇಕು, ಟಾರ್ಗೆಟ್ ಮೇಲೆ ಎಷ್ಟು ನಿಮಿಷ ಇರಬಹುದು, ಕಾಳಗಕ್ಕೆ ಬಿದ್ರೆ ಎಷ್ಟು ಹೊತ್ತು, ಯಾವ ಅಂಕಿಗೆ ಬಂದ ತಕ್ಷಣ ಎಲ್ಲಾ ಬಿಟ್ಟು ಮನೆ ಕಡೆ ತಿರುಗಬೇಕು, ಎಲ್ಲಾ ಮೊದಲೇ ಲೆಕ್ಕ ಹಾಕಿರ್ತಾರೆ. ಇಂಜಿನ್ ಹಿಂದುಗಡೆ ಇನ್ನಷ್ಟು ಇಂಧನ ಸುರಿದು ಉರಿಸಿ ವೇಗ ಏರಿಸೋ ಆಫ್ಟರ್‌ಬರ್ನರ್ ಹಾಕಿದ್ರಂತೂ ಇಂಜಿನ್ ಕುಡಿಯೋದು ಕೆಲವು ಪಟ್ಟು ಜಾಸ್ತಿ ಆಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ರಿಟೈರ್ ಆದ ಮಿಗ್-21ರ ಜೊತೆ ಕೆಲಸ ಮಾಡಿದ ಯಾರನ್ನ ಬೇಕಾದ್ರೂ ಕೇಳಿ, ಆಫ್ಟರ್‌ಬರ್ನರ್‌ನಲ್ಲಿ ಆ ವಿಮಾನದ ಹೊಟ್ಟೆ ಎಷ್ಟು ಬೇಗ ಬರಿದಾಗ್ತಿತ್ತು ಅಂತ. ಸಿನಿಮಾ ಹೀರೋ ನೋಡಿದ್ರೆ ಟೇಕಾಫ್‌ನಿಂದ ಹಿಡಿದು ಕ್ಲೈಮ್ಯಾಕ್ಸ್‌ವರೆಗೂ ಹಿಂದೆ ಬೆಂಕಿ ಉಗುಳ್ತಾನೇ ಇರ್ತಾನೆ, ನಡುವೆ ವೈರಿಗೆ ಡೈಲಾಗ್ ಬೇರೆ ಹೊಡೀತಾನೆ, ಸತ್ತ ಫ್ರೆಂಡ್ ಫೋಟೋ ನೋಡಿ ಕಣ್ಣೀರು ಹಾಕ್ತಾನೆ, ಆಮೇಲೆ ಇನ್ನೊಂದು ರೌಂಡ್ ಹೊಡೆಯೋಕೆ ವಾಪಸ್ ಹೋಗ್ತಾನೆ. ಬೌಸರ್ ಡ್ರೈವರ್‌ಗಳೆಲ್ಲ ನಕ್ಕು ಬಿಡ್ತಾರೆ ಸರ್.

ಇದನ್ನ ಒಬ್ಬ ಫಿಟ್ಟರ್‌ನ ಗೊಣಗಾಟ ಅಂತ ತಳ್ಳಿ ಹಾಕಬೇಡಿ ಯಾಕಂದ್ರೆ ನಾನು ಹೇಳಬೇಕು ಅಂತಿರೋದು ನಮ್ಮ ಕೊಡಗಿನ ಒಬ್ಬರ ವಿಷಯ, ಆ ವಿಷಯದ ತಿರುಳು ಇರೋದೇ ಇಂಧನದಲ್ಲಿ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಬಸ್ ಹತ್ತೋ ಗಡಿಬಿಡಿಯಲ್ಲಿ ಎಷ್ಟು ಜನ ಬೋರ್ಡ್ ಓದ್ತಾರೋ ಗೊತ್ತಿಲ್ಲ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ನಮ್ಮ ನಂಬರ್ 1 ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟ್ವು, ಲೀಡ್ ಮಾಡಿದ್ದು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ. ಅಂದ್ರೆ ಬೇರೆ ಯಾರದ್ದಾದ್ರೂ ವಿಮಾನ ಕೈ ಕೊಟ್ರೆ ಮಾತ್ರ ಹೋಗಬೇಕಾದೋರು. ಕೈ ಕೊಡ್ತು, ಇವರು ಹೋದ್ರು.

ಮ್ಯಾಪ್ ತೆಗೆದು ನೋಡಿ, ಆದಂಪುರದಿಂದ ಸರ್ಗೋಧಾಕ್ಕೆ ನೇರ ಗೆರೆ ಎಳೆದ್ರೂ ಹತ್ತಿರ ಹತ್ತಿರ 300 ಕಿ.ಮೀ. ಮಿಸ್ಟೇರ್ ಫ್ರೆಂಚ್ ವಿಮಾನ, ಐವತ್ತರ ದಶಕದ್ದು, ಸಮತಲದಲ್ಲಿ ಹಾರುವಾಗ ಶಬ್ದದ ವೇಗ ದಾಟದೇ ಇರೋದು. ರಾಡಾರ್‌ಗೆ ಸಿಗಬಾರದು ಅಂತ ನೆಲಕ್ಕೆ ಹತ್ತಿಕೊಂಡೇ ಹೋಗಬೇಕು, ಆ ಎತ್ತರದಲ್ಲಿ ಜೆಟ್ ಇಂಜಿನ್ ಕುಡಿಯೋಷ್ಟು ಇಂಧನ ಮೇಲೆ ತೆಳು ಗಾಳಿಯಲ್ಲಿ ಕುಡಿಯಲ್ಲ. ಜೊತೆಗೆ ರಾಕೆಟ್ಟು ಬಾಂಬಿನ ಭಾರ. ಇಷ್ಟೆಲ್ಲ ಕಳೆದ್ರೆ ಉಳಿಯೋದು ಹೋಗು, ಹೊಡಿ, ಬಾ, ಅಷ್ಟಕ್ಕೆ ಮಾತ್ರ. ಅಲ್ಲಿ ನಿಂತು ಗುದ್ದಾಡೋಕೆ ಅಂತ ಉಳಿತಾಯ ಏನೂ ಇರಲಿಲ್ಲ.

ಅಂಥಾ ಹೊತ್ತಲ್ಲಿ ಎದುರು ಬಂದಿದ್ದು ಸ್ಟಾರ್‌ಫೈಟರ್. ಅಮೆರಿಕದ ಎಫ್-104, ಶಬ್ದದ ಎರಡು ಪಟ್ಟು ವೇಗದ್ದು, ಸೈಡ್‌ವೈಂಡರ್ ಮಿಸೈಲ್ ಇರೋದು, ಆ ಕಾಲಕ್ಕೆ ಈ ಭಾಗದಲ್ಲಿ ಅದಕ್ಕೆ ಸಮ ಇರಲಿಲ್ಲ. ಅದರ ಪೈಲಟ್ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು, ಕಥೆ ಮುಗೀತು ಅಂದ್ಕೊಂಡು ಅವನು ಬೇರೆ ಮಿಸ್ಟೇರ್‌ಗಳ ಬೆನ್ನು ಹತ್ತಿದ. ಮುಗಿದಿರಲಿಲ್ಲ. ಏಟು ತಿಂದ ಅದೇ ವಿಮಾನ ಮತ್ತೆ ಅವನ ಮೇಲೆ ಬಿತ್ತು. ನೆಲದ ಹತ್ತಿರ, ಕಡಿಮೆ ವೇಗದಲ್ಲಿ ತಿರುಗೋ ಕಾಳಗ. ಸ್ಟಾರ್‌ಫೈಟರ್‌ಗೆ ರೆಕ್ಕೆ ಅಂದ್ರೆ ಹೆಸರಿಗೆ ಮಾತ್ರ, ಅಷ್ಟು ಚಿಕ್ಕದು, ನಿಧಾನಕ್ಕೆ ಬಂದು ತಿರುಗಾಟಕ್ಕೆ ಇಳಿದ್ರೆ ಅದು ಒದ್ದಾಡುತ್ತೆ. ಮಿಸ್ಟೇರ್‌ನ ಎರಡು 30 ಮಿ.ಮೀ. ಕ್ಯಾನನ್ ಅದನ್ನ ಹೊಡೆದು ಹಾಕ್ತು. ಅಮ್ಜದ್ ಇಜೆಕ್ಟ್ ಆಗಿ ಬದುಕಿದ್ರು. ದೇವಯ್ಯ ವಾಪಸ್ ಬರಲಿಲ್ಲ.

ಆದಂಪುರದಲ್ಲಿ ಇದ್ದೋರಿಗೆ ಇದ್ಯಾವುದೂ ಗೊತ್ತೇ ಆಗಿಲ್ಲ ಸರ್, ಹೋದವರಲ್ಲಿ ಒಬ್ಬರು ಬರಲಿಲ್ಲ ಅಂತಷ್ಟೇ ಗೊತ್ತು. ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಬಂದಾಗ, ಸ್ಟಾರ್‌ಫೈಟರ್ ಬಿದ್ದಿದ್ದು ಒಂದು ಮಿಸ್ಟೇರ್‌ನಿಂದ ಅಂತ ಅದರಲ್ಲಿತ್ತು. ಯಾವ ಮಿಸ್ಟೇರ್ ಅಂತ ತಾಳೆ ಹಾಕ್ತಾ ಹೋದ್ರೆ ದೇವಯ್ಯನವರದ್ದೇ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಕೊಟ್ರು, 23 ವರ್ಷ ಆದ ಮೇಲೆ.

ಈಗ ಫಿಟ್ಟರ್ ಲೆಕ್ಕ ಹಾಕಿ. ಆ ಕಾಳಗಕ್ಕೆ ಇಳಿದ ಕ್ಷಣಕ್ಕೆ ಅವರ ಮುಂದಿದ್ದ ಗೇಜ್ ಏನು ಹೇಳ್ತಿತ್ತು ಅಂತ ಅವರಿಗೆ ಗೊತ್ತಿತ್ತು, ಗೊತ್ತಿಲ್ಲದೇ ಇರೋಕೆ ಸಾಧ್ಯವೇ ಇಲ್ಲ, ಅವರು ಹುಡುಗ ಅಲ್ಲ, ಬೇರೆಯವರಿಗೆ ಹಾರಾಟ ಕಲಿಸಿದ ಇನ್‌ಸ್ಟ್ರಕ್ಟರ್. ಪೂರ್ತಿ ಥ್ರಾಟಲ್‌ನಲ್ಲಿ ತಿರುಗಾಡಿದ ಒಂದೊಂದು ನಿಮಿಷಕ್ಕೂ ಮನೆ ದಾರಿ ಅಷ್ಟಷ್ಟು ಕಿಲೋಮೀಟರ್ ಕಮ್ಮಿ ಆಗ್ತಾ ಹೋಗುತ್ತೆ. ಗೆದ್ರೂ ಬಾರ್ಡರ್ ದಾಟೋಕೆ ಸಾಲುತ್ತೋ ಇಲ್ವೋ ಅನ್ನೋ ಪರಿಸ್ಥಿತಿ. ಆ ಒಂದು ತೀರ್ಮಾನ, ಇಡೀ ಕಥೆ ಅದೇ ಅಲ್ವಾ. ಅದನ್ನ ತೋರಿಸೋಕೆ ಎಷ್ಟು ಗ್ರಾಫಿಕ್ಸ್ ಬೇಕು ಹೇಳಿ, ಒಂದು ಮುಳ್ಳು ಸಾಕು.

2025ರ ಜನವರಿಯಲ್ಲಿ ಇದೇ ಘಟನೆ ಇಟ್ಕೊಂಡು ಹಿಂದಿಯಲ್ಲಿ 'ಸ್ಕೈ ಫೋರ್ಸ್' ಬಂತು, ಅಕ್ಷಯ್ ಕುಮಾರ್ ಇದ್ರು, ದೇವಯ್ಯನವರ ಹೆಸರು ಬದಲಾಯಿಸಿ ಟಿ. ಕೃಷ್ಣ ವಿಜಯ ಅಂತ ಮಾಡಿದ್ರು. ಕಥೆ ದೇಶಕ್ಕೆ ಹೇಳಿದ್ದಕ್ಕೆ ನಾನು ಕೈ ಮುಗಿದೆ, ಈ ಮಾತಲ್ಲಿ ವ್ಯಂಗ್ಯ ಇಲ್ಲ, ನಾವು ಕನ್ನಡದವರು ಇಷ್ಟು ವರ್ಷ ಹೇಳದೇ ಇದ್ದಿದ್ದನ್ನ ಅವರು ಹೇಳಿದ್ರು. ಆದ್ರೆ ಆಕಾಶದ ಸೀನ್‌ಗಳು ನನಗೆ ಹಿಡಿಸಲಿಲ್ಲ. ವಿಮಾನಗಳಿಗೆ ತೂಕ ಇದೆ ಅಂತಲೇ ಅನ್ಸಲ್ಲ, ಮೊಮ್ಮಗನ ಮೊಬೈಲ್ ಗೇಮ್ ದೊಡ್ಡದು ಮಾಡಿ ಹಾಕಿದ ಹಾಗಿದೆ. ಡಾಗ್‌ಫೈಟ್, ಅಂದ್ರೆ ವಿಮಾನಗಳ ಹತ್ತಿರದ ಕಾಳಗದ ಗ್ರಾಫಿಕ್ಸ್‌ಗೆ ಕೊಟ್ಟ ಸಮಯದ ಕಾಲುಭಾಗ ಆ ಹೋಗು-ಬರು ಲೆಕ್ಕಕ್ಕೆ ಕೊಟ್ಟಿದ್ರೆ ಥಿಯೇಟರ್‌ನಲ್ಲಿ ಒಬ್ಬರೂ ಪಾಪ್‌ಕಾರ್ನ್‌ಗೆ ಎದ್ದು ಹೋಗ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಇಂಧನ ತೋರಿಸಿದ್ರೆ ಬೋರ್ ಆಗುತ್ತೆ ಅಂತ ವಾದ ಮಾಡೋರಿಗೆ 2017ರ 'ಡಂಕರ್ಕ್' ತೋರಿಸ್ತೀನಿ. ಎರಡನೇ ಮಹಾಯುದ್ಧದ ಕಥೆ, ಅದರಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ಫೈಟರ್ ಪೈಲಟ್‌ನ ಫ್ಯೂಯೆಲ್ ಗೇಜ್‌ಗೆ ಗುಂಡು ಬಿದ್ದು ಒಡೆದು ಹೋಗುತ್ತೆ, ಆತ ಪಕ್ಕದ ಪೈಲಟ್‌ನ ಕೇಳಿ ಕೇಳಿ ಚಾಕ್‌ಪೀಸ್‌ನಲ್ಲಿ ಪ್ಯಾನೆಲ್ ಮೇಲೆ ಬರ್ಕೊಳ್ತಾನೆ, ಟೈಮ್ ನೋಡ್ಕೊಂಡು ಮನಸ್ಸಲ್ಲೇ ಕಳೀತಾ ಹೋಗ್ತಾನೆ. ಕೆಳಗೆ ಸಮುದ್ರತೀರದಲ್ಲಿ ಸಿಕ್ಕಿಹಾಕ್ಕೊಂಡಿರೋ ಸೈನಿಕರು, ಮೇಲೆ ವೈರಿ ಬಾಂಬರ್, ಕೈಯಲ್ಲಿ ವಾಪಸ್ ಹೋಗೋಕೆ ಸಾಕಾಗುವಷ್ಟು ಇಂಧನ ಮಾತ್ರ. ಹೋಗಲ್ಲ ಅವನು. ಆ ನಟನ ಮುಖದ ಮೇಲೆ ಸಿನಿಮಾ ಪೂರ್ತಿ ಹೆಚ್ಚುಕಮ್ಮಿ ಆಕ್ಸಿಜನ್ ಮಾಸ್ಕ್ ಇರುತ್ತೆ, ಕಣ್ಣು ಮಾತ್ರ ಕಾಣೋದು, ಡೈಲಾಗ್ ಅಂತ ಹೇಳ್ಕೊಳ್ಳುವಂಥದ್ದು ಏನೂ ಇಲ್ಲ, ಆದ್ರೂ ನಾನು ಸೀಟಿನ ತುದಿಯಲ್ಲಿ ಕೂತಿದ್ದೆ. ನಮ್ಮ ಹೀರೋಗಳು ಮಾಸ್ಕ್ ಯಾಕೆ ತೆಗೀತಾರೆ ಅಂತ ಎಲ್ಲರಿಗೂ ಗೊತ್ತು ಬಿಡಿ, ಮುಖಕ್ಕೆ ದುಡ್ಡು ಕೊಟ್ಟಿರ್ತಾರಲ್ಲ.

ಹಾಗಂತ ಆ ಸಿನಿಮಾನೂ ಕೊನೆಗೆ ಮೋಸ ಮಾಡುತ್ತೆ. ಇಂಜಿನ್ ನಿಂತ ಮೇಲೆ ಆ ಸ್ಪಿಟ್‌ಫೈರ್ ಗ್ಲೈಡ್ ಮಾಡ್ತಾ ಮಾಡ್ತಾ ಇಡೀ ಬೀಚ್ ಮೇಲೆ ತೇಲುತ್ತೆ, ಅದರ ಮಧ್ಯೆ ಒಂದು ಸ್ಟೂಕಾ ಬಾಂಬರ್‌ನ ಬೇರೆ ಹೊಡೆಯುತ್ತೆ. ಗ್ಲೈಡ್ ಆಗಲ್ಲ ಅಂತಲ್ಲ, ಎತ್ತರ ಇದ್ದಷ್ಟೂ ಹೊತ್ತು ಆಗುತ್ತೆ, ಆದ್ರೆ ಅಷ್ಟು ಕೆಳಗೆ ಅಷ್ಟು ಹೊತ್ತು ತೇಲ್ತಾ ಜೊತೆಗೆ ಬೇಟೆನೂ ಆಡೋದು ಅಂದ್ರೆ ಕಷ್ಟ. ಇಂಧನದ ಲೆಕ್ಕನ ಅಷ್ಟು ಚೆನ್ನಾಗಿ ಇಟ್ಟು ಕಡೆಗೆ ಲೆಕ್ಕದ ಪುಸ್ತಕನೇ ಮುಚ್ಚಿಟ್ರು. ಆದ್ರೂ ಅಲ್ಲಿವರೆಗೆ ಕೂರಿಸಿದ್ದಕ್ಕೆ ಕ್ಷಮಿಸಿದೆ.

ಬ್ರಿಟನ್ ಮೇಲಿನ 1940ರ ವಾಯುಯುದ್ಧನೇ ತಗೊಳ್ಳಿ. ಜರ್ಮನ್ನರ ಮೆಸ್ಸರ್‌ಸ್ಮಿಟ್ 109 ಫ್ರಾನ್ಸ್‌ನಿಂದ ಹೊರಟು ಲಂಡನ್ ತಲುಪೋ ಹೊತ್ತಿಗೆ ಅಲ್ಲಿ ಕಾದಾಡೋಕೆ ಉಳೀತಿದ್ದದ್ದು ಹತ್ತು ನಿಮಿಷ, ಅಬ್ಬಬ್ಬಾ ಅಂದ್ರೆ ಇಪ್ಪತ್ತು. ಇಂಧನ ಮುಗೀತಾ ಬಂದ್ರೆ ಕೆಂಪು ದೀಪ ಹತ್ತೋದು, ಬಾಂಬರ್‌ಗಳನ್ನ ಅಲ್ಲೇ ಬಿಟ್ಟು ಇವರು ತಿರುಗಬೇಕು. ಇನ್ನು ಸ್ಪಿಟ್‌ಫೈರ್, ಹರಿಕೇನ್‌ಗಳ ಮರ್ಲಿನ್ ಇಂಜಿನ್‌ನಲ್ಲಿ ಇದ್ದದ್ದು ಕಾರ್ಬ್ಯುರೇಟರ್, ಮೂಗು ದಿಢೀರ್ ಅಂತ ಕೆಳಗೆ ತಳ್ಳಿದ್ರೆ ಇಂಧನ ಸರಿಯಾಗಿ ಸಿಗದೇ ಇಂಜಿನ್ ಕೆಮ್ಮಿ ಬಿಡೋದು. ಜರ್ಮನ್ ಇಂಜಿನ್‌ಗೆ ಇಂಧನನ ಒತ್ತಡದಲ್ಲಿ ಚಿಮ್ಮಿಸೋ ಫ್ಯೂಯೆಲ್ ಇಂಜೆಕ್ಷನ್ ಇತ್ತು, ಆ ತೊಂದರೆ ಇಲ್ಲ, ಬೆನ್ನು ಹತ್ತಿದ್ರೆ ಮೂಗು ಕೆಳಗೆ ಮಾಡಿ ಪರಾರಿ. ಇದಕ್ಕೆ ಬೀಟ್ರಿಸ್ ಶಿಲ್ಲಿಂಗ್ ಅಂತ ಒಬ್ಬ ಮಹಿಳಾ ಇಂಜಿನಿಯರ್ ಸಣ್ಣದೊಂದು ಲೋಹದ ಬಿಲ್ಲೆಗೆ ತೂತು ಮಾಡಿ ಇಂಧನದ ದಾರಿಯಲ್ಲಿ ಕೂರಿಸಿ 1941ರಲ್ಲಿ ಪರಿಹಾರ ಕೊಟ್ರು, ವಿಮಾನನ ಸ್ಕ್ವಾಡ್ರನ್‌ನಿಂದ ಹೊರಗೆ ತಗೊಂಡು ಹೋಗದೇನೇ ಹಾಕಬಹುದಾದಂಥ ಬಿಲ್ಲೆ. ನಮ್ಮಂಥ ಫಿಟ್ಟರ್‌ಗಳಿಗೆ ಆಯಮ್ಮ ದೇವತೆ. ಇವರ ಮೇಲೆ ಯಾರೂ ನೂರು ಕೋಟಿ ಸಿನಿಮಾ ಮಾಡಲ್ಲ.

ಆ ಯುದ್ಧದ ಮೇಲೆ 1969ರಲ್ಲಿ ಬಂದ 'ಬ್ಯಾಟಲ್ ಆಫ್ ಬ್ರಿಟನ್' ಸಿನಿಮಾ ನನಗೆ ಈಗಲೂ ಇಷ್ಟ. ಗ್ರಾಫಿಕ್ಸ್ ಇಲ್ಲದ ಕಾಲ, ನಿಜವಾದ ಸ್ಪಿಟ್‌ಫೈರ್‌ಗಳನ್ನೇ ಹುಡುಕಿ ಹಾರಿಸಿದ್ರು, ಜರ್ಮನ್ ವಿಮಾನಗಳು ಬೇಕಲ್ಲ, ಸ್ಪೇನ್ ಏರ್‌ಫೋರ್ಸ್ ಹತ್ರ ಅದೇ ಡಿಸೈನ್‌ನ ವಿಮಾನಗಳಿದ್ವು, ತಂದ್ರು. ತಮಾಷೆ ಏನಂದ್ರೆ ಆ ಸ್ಪ್ಯಾನಿಷ್ ವಿಮಾನಗಳಿಗೆ ಆಗ ಹಾಕಿದ್ದೂ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್ನೇ, ಫೈಟರ್‌ಗೂ ಅದೇ, ಹೈಂಕೆಲ್ ಥರದ ಬಾಂಬರ್‌ಗೂ ಅದೇ. ಅಂದ್ರೆ ಸ್ಕ್ರೀನ್ ಮೇಲೆ ಇಂಗ್ಲಿಷರು ಜರ್ಮನ್ನರು ಹೊಡೆದಾಡ್ತಿದ್ರೆ ಎರಡೂ ಕಡೆ ಮೂಗಿನೊಳಗೆ ಇಂಗ್ಲಿಷ್ ಇಂಜಿನ್. ಎಕ್ಸಾಸ್ಟ್ ಪೈಪ್ ನೋಡಿದ್ರೆ ಗೊತ್ತಾಗುತ್ತೆ, ಅಸಲಿ 109ಕ್ಕೆ ಕೆಳಗಡೆ ಇರುತ್ತೆ, ಇದಕ್ಕೆ ಮೇಲಿದೆ. ಮನೆಯಲ್ಲಿ ಇದನ್ನ ಹೇಳಿದ್ದಕ್ಕೆ ನಮ್ಮ ಮನೆಯವರು ರಿಮೋಟ್ ಕಿತ್ಕೊಂಡ್ರು.

ತಪ್ಪಾದ ಇಂಜಿನ್ ಇದ್ರೂ ಆ ಸಿನಿಮಾ ಯಾಕೆ ನಿಜ ಅನ್ಸುತ್ತೆ ಅಂತ ತುಂಬಾ ಯೋಚನೆ ಮಾಡಿದೀನಿ. ನನಗನ್ಸಿದ್ದು ಇಷ್ಟು, ಕ್ಯಾಮೆರಾ ಕೂಡ ಒಂದು ವಿಮಾನದಲ್ಲೇ ಇತ್ತು. ಬಿ-25 ಬಾಂಬರ್ ಒಂದಕ್ಕೆ ಕಣ್ಣಿಗೆ ಹೊಡೆಯೋ ಬಣ್ಣ ಬಳಿದು, ಅದರೊಳಗೆ ಕ್ಯಾಮೆರಾ ಕಟ್ಟಿ ಶೂಟ್ ಮಾಡಿದ್ರು. ಆ ಬಿ-25ಕ್ಕೂ ಇಂಧನ ಬೇಕು, ಅದೂ ತಿರುಗೋಕೆ ಜಾಗ ಬೇಕು, ಅದೂ ಗಾಳಿಗೆ ಅಲುಗಾಡುತ್ತೆ, ಒಂದು ಸಾರಿ ಶಾಟ್ ತಪ್ಪಿದ್ರೆ ಮತ್ತೆ ಎಲ್ಲರೂ ಸುತ್ತು ಹಾಕಿ ಬರಬೇಕು. ಅಂದ್ರೆ ನಾವು ಎಲ್ಲಿ ನಿಂತು ನೋಡ್ತಿದೀವೋ ಆ ಜಾಗಕ್ಕೂ ವಿಮಾನಗಳ ನಿಯಮವೇ. ಈಗಿನ ಕಂಪ್ಯೂಟರ್ ಕ್ಯಾಮೆರಾಗೆ ಅದ್ಯಾವುದೂ ಇಲ್ಲ. ಮಿಸೈಲ್ ಮುಂದೆ ಹಿಮ್ಮುಖವಾಗಿ ಹಾರುತ್ತೆ, ಎರಡು ಜೆಟ್ ಸಂದಿಯಲ್ಲಿ ನುಗ್ಗುತ್ತೆ, ಇಂಜಿನ್ ಒಳಗೆ ಹೋಗಿ ಆಚೆ ಬರುತ್ತೆ. ಕ್ಯಾಮೆರಾಗೆ ಇಂಧನ ಬೇಡ ಅಂದ ಮೇಲೆ ಹೀರೋಗೂ ಬೇಡ ಅನ್ನೋ ಹಾಗಾಗಿದೆ. ನೋಡೋರಿಗೆ ಏನೋ ಸರಿ ಇಲ್ಲ ಅಂತ ಅನ್ಸುತ್ತೆ, ಏನು ಅಂತ ಹೇಳೋಕೆ ಬರಲ್ಲ.

ಇದು ಹಳೇ ಜನಕ್ಕೆ ಗೊತ್ತಿತ್ತು ಸರ್. 1927ರ ಮೂಕಿ ಸಿನಿಮಾ 'ವಿಂಗ್ಸ್', ಮೊದಲನೇ ಆಸ್ಕರ್‌ನಲ್ಲೇ ಶ್ರೇಷ್ಠ ಚಿತ್ರ ಪ್ರಶಸ್ತಿ ತಗೊಂಡಿದ್ದು, ಅದರ ನಿರ್ದೇಶಕ ವಿಲಿಯಂ ವೆಲ್‌ಮನ್ ಮೊದಲ ಮಹಾಯುದ್ಧದಲ್ಲಿ ಸ್ವತಃ ಫೈಟರ್ ಪೈಲಟ್. ಟೆಕ್ಸಸ್‌ನಲ್ಲಿ ಶೂಟಿಂಗ್, ಸೈನ್ಯ ವಿಮಾನ ಕೊಟ್ಟು ಜನ ಕೊಟ್ಟು ನಿಂತಿದೆ, ನಿರ್ಮಾಪಕರ ದುಡ್ಡು ಹರಿದು ಹೋಗ್ತಿದೆ, ಈ ಮನುಷ್ಯ ಮೋಡ ಬರಲಿ ಅಂತ ಕಾಯ್ತಾ ಕೂತಿದ್ದ. ಯಾಕಂದ್ರೆ ಬರೀ ನೀಲಿ ಆಕಾಶದಲ್ಲಿ ವಿಮಾನ ನೇತಾಡೋ ಹಾಗೆ ಕಾಣುತ್ತೆ, ಹಿಂದೆ ಮೋಡ ಸರಿದ್ರೆ ಮಾತ್ರ ವೇಗ ಗೊತ್ತಾಗೋದು. ನಟರೇ ಮೇಲೆ ಹೋಗಿ ಮುಂದೆ ಕಟ್ಟಿದ ಕ್ಯಾಮೆರಾನ ತಾವೇ ಆನ್ ಮಾಡ್ಕೊಂಡು ನಟಿಸಿದ್ರು. ಆಮೇಲೆ ಹೊವಾರ್ಡ್ ಹ್ಯೂಸ್ 1930ರ 'ಹೆಲ್ಸ್ ಏಂಜಲ್ಸ್'ಗೆ ಇದೇ ಮೋಡದ ಹುಚ್ಚಲ್ಲಿ ತಿಂಗಳುಗಟ್ಟಲೆ ಕಾದ, ಒಂದು ಸಾಹಸ ತಾನೇ ಮಾಡೋಕೆ ಹೋಗಿ ಬಿದ್ದ, ಆ ಸಿನಿಮಾಗೆ ಜೀವಗಳೂ ಹೋದ್ವು.

ಜೀವ ಹೋಗೋ ಥರ ಶೂಟ್ ಮಾಡಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. 1986ರ 'ಟಾಪ್ ಗನ್'ಗೆ ಫ್ಲಾಟ್ ಸ್ಪಿನ್ ದೃಶ್ಯ ಬೇಕು ಅಂತ ಆರ್ಟ್ ಶೋಲ್ ಅನ್ನೋ ದೊಡ್ಡ ಏರೋಬ್ಯಾಟಿಕ್ಸ್ ಪೈಲಟ್ ತನ್ನ ಪುಟ್ಟ ಪಿಟ್ಸ್ ವಿಮಾನಕ್ಕೆ ಕ್ಯಾಮೆರಾ ಕಟ್ಕೊಂಡು ಹೋಗಿ ಗಿರಕಿಯಿಂದ ಹೊರಗೆ ಬರೋಕಾಗದೇ ಸಮುದ್ರಕ್ಕೆ ಬಿದ್ರು, ಶವ ಕೂಡ ಸಿಗಲಿಲ್ಲ. ಸಿನಿಮಾ ಅವರಿಗೆ ಅರ್ಪಣೆ ಆಗಿದೆ. ಅಂಥದ್ದಕ್ಕೆ ಕಂಪ್ಯೂಟರ್ ಬಳಸೋದೇ ಸರಿ. ಅದರ ಮುಂದುವರಿದ ಭಾಗ 2022ರಲ್ಲಿ ಬಂದಾಗ ನಟರನ್ನ ನಿಜವಾದ ಎಫ್-18ರ ಹಿಂದಿನ ಸೀಟ್‌ನಲ್ಲಿ ಕೂರಿಸಿದ್ರು, ಹಾರಿಸಿದ್ದು ನೌಕಾದಳದ ಪೈಲಟ್‌ಗಳು, ಕಾಕ್‌ಪಿಟ್‌ನಲ್ಲಿ ಆರು ಕ್ಯಾಮೆರಾ. ವಿಮಾನದ ಬಾಡಿಗೆ ಗಂಟೆಗೆ 11 ಸಾವಿರ ಡಾಲರ್‌ಗೂ ಮೇಲೆ. ಆ ಕೆನ್ನೆ ಕೆಳಗೆ ಜೋತು ಬೀಳೋದು, ಉಸಿರು ಕಟ್ಟಿ ಮುಕ್ಕೋದು, ಕತ್ತಿನ ನರ ಉಬ್ಬೋದು ಮೇಕಪ್‌ನಲ್ಲಿ ಬರಲ್ಲ ಸರ್, ಅದು ಜೀ ಫೋರ್ಸ್, ವಿಮಾನ ಬಿರುಸಾಗಿ ತಿರುಗಿದಾಗ ಮೈಮೇಲೆ ಬೀಳೋ ಭಾರ. ನಮ್ಮ ಪೈಲಟ್‌ಗಳು ಸಾರ್ಟಿ ಮುಗಿಸಿ ಇಳಿದಾಗ ಮುಖದ ಮೇಲೆ ಮಾಸ್ಕ್‌ನ ಅಚ್ಚು, ಬೆನ್ನೆಲ್ಲ ಬೆವರು, ಅದನ್ನ ದಿನಾ ನೋಡ್ತಿದ್ದೋನಿಗೆ ಆ ಮುಖಗಳು ನಿಜ ಅನ್ಸಿದ್ವು. ಅದೇ ಸಿನಿಮಾ ಶುರುವಲ್ಲಿ ಶಬ್ದದ ಹತ್ತು ಪಟ್ಟು ವೇಗದಲ್ಲಿ ವಿಮಾನ ಒಡೆದು ಹೀರೋ ಬದುಕಿ ಹೋಟೆಲ್‌ಗೆ ನಡ್ಕೊಂಡು ಬಂದು ನೀರು ಕುಡೀತಾನೆ ಅಂತನೂ ಇದೆ, ಅದನ್ನ ಮಾತಾಡೋದು ಬೇಡ.

ಬೇರೆ ತಪ್ಪುಗಳು ಬೇಕಾದಷ್ಟಿವೆ, ಬೇಗ ಬೇಗ ಹೇಳ್ಬಿಡ್ತೀನಿ. ದೂರ. ಸ್ಪಿಟ್‌ಫೈರ್ ಪೈಲಟ್‌ಗಳು ತುಂಬಾ ಹತ್ತಿರ ಹೋಗಿ ಹೊಡೀತೀವಿ ಅಂತ ಮೆಷಿನ್ ಗನ್ ಗುರಿ ಹೊಂದಿಸ್ಕೊಂಡಿದ್ದದ್ದು 250 ಗಜಕ್ಕೆ, ಅಷ್ಟು ದೂರದಲ್ಲಿ ವೈರಿ ವಿಮಾನ ಬೆರಳಿನಷ್ಟು ಕಾಣುತ್ತೆ, ಸಿನಿಮಾದಲ್ಲಿ ಪೈಲಟ್‌ನ ಮೀಸೆ ಕಾಣುತ್ತೆ. ಗುಂಡು. ಎಂಟು ಗನ್‌ಗೆ ತಲಾ 300 ಗುಂಡು, ಒತ್ತಿ ಹಿಡಿದ್ರೆ ಹದಿನೈದು ಸೆಕೆಂಡ್‌ಗೆ ಖಾಲಿ. ಮಿಸೈಲ್. ಅದಕ್ಕೂ ಇಂಧನ ಉಂಟು ಮಾರಾಯ್ರೇ, ಹತ್ತಿರದಿಂದ ಹೊಡೆಯೋ ಮಿಸೈಲ್‌ನ ಮೋಟಾರ್ ಉರಿಯೋದು ಕೆಲವೇ ಸೆಕೆಂಡ್, ಆಮೇಲೆ ಹಳೇ ವೇಗದ ಮೇಲೆ ಓಡುತ್ತೆ, ತಿರುಗಿದಷ್ಟೂ ಸುಸ್ತಾಗುತ್ತೆ, ನಮ್ಮ ಸಿನಿಮಾದಲ್ಲಿ ಅದು ಹೀರೋನ ಕಣಿವೆ ಕಣಿವೆ ಅಟ್ಟಿಸ್ಕೊಂಡು ಬರುತ್ತೆ. ಶಬ್ದ. ಬೀಳೋ ವಿಮಾನ ಯಾವುದೇ ಇರ್ಲಿ ಕೂಯ್ ಅಂತ ಒಂದು ಕೂಗು ಹಾಕ್ತಾರಲ್ಲ, ಅದು ಜರ್ಮನ್ನರು ಸ್ಟೂಕಾಗೆ ಜನರನ್ನ ಹೆದರಿಸೋಕೆ ಅಂತ ಕಟ್ಟಿದ ಸೈರನ್, ಬೇರೆ ವಿಮಾನಕ್ಕೆ ಎಲ್ಲಿಂದ ಬರಬೇಕು. ಇನ್ನು ಕನೋಪಿಗೆ ಕನೋಪಿ, ಅಂದ್ರೆ ಪೈಲಟ್ ಮೇಲಿನ ಗಾಜಿನ ಮುಚ್ಚಳಕ್ಕೆ ಮುಚ್ಚಳ ತಾಗೋ ಹಾಗೆ ತಲೆಕೆಳಗಾಗಿ ಹಾರಿ ವೈರಿ ಪೈಲಟ್‌ಗೆ ಬೆರಳು ತೋರಿಸೋದು, ಅದು ಟಾಪ್ ಗನ್ ತಂದಿಟ್ಟ ಕಾಯಿಲೆ, ಇನ್ನೂ ವಾಸಿಯಾಗಿಲ್ಲ. ಯಲಹಂಕದಲ್ಲಿ ಸುಖೋಯ್ ಒಂದು ಸುತ್ತು ತಿರುಗೋದು ನೋಡಿದೋರಿಗೆ ಗೊತ್ತಿರುತ್ತೆ, ಅಷ್ಟು ಚುರುಕಿನ ವಿಮಾನಕ್ಕೂ ಎಷ್ಟು ಆಕಾಶ ಬೇಕು ಅಂತ.

ಬಣ್ಣ ತಪ್ಪಿದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಪರ್ಲ್ ಹಾರ್ಬರ್ ಸಿನಿಮಾದಲ್ಲಿ ಬೂದು ಇರಬೇಕಾದ ಜಪಾನಿ ಝೀರೋಗಳು ಹಸಿರು ಬಣ್ಣದಲ್ಲಿದ್ವು ಅಂತ ಪುಟಗಟ್ಟಲೆ ಬರೆಯೋರು ಇದ್ದಾರೆ, ಡಂಕರ್ಕ್‌ನಲ್ಲಿ 109ರ ಮೂಗಿಗೆ ಆಗಿನ್ನೂ ಹಳದಿ ಬಂದಿರಲಿಲ್ಲ ಅಂತ ಜಗಳ ಆಡೋರು ಇದ್ದಾರೆ, ಯಾರು ಯಾರು ಅಂತ ಜನಕ್ಕೆ ಗೊತ್ತಾಗಲಿ ಅಂತ ಬಳಿದಿರ್ತಾರೆ, ಇರಲಿ ಬಿಡಿ. ವಿಮಾನ ಬದಲಿ ಇದ್ರೂ ಪರವಾಗಿಲ್ಲ, ಬಣ್ಣ ಬದಲಿ ಇದ್ರೂ ಪರವಾಗಿಲ್ಲ, ಮಿತಿ ಇರಬೇಕು. ಏನೋ ಒಂದು ಮುಗಿದು ಹೋಗ್ತಿದೆ ಅಂತ ಪೈಲಟ್‌ಗೂ ಗೊತ್ತಿರಬೇಕು, ನಮಗೂ ಗೊತ್ತಾಗಬೇಕು.

1997ರ 'ಬಾರ್ಡರ್' ನೆನಪಿರಬಹುದು, 1971ರ ಯುದ್ಧದಲ್ಲಿ ರಾಜಸ್ಥಾನದ ಲೊಂಗೆವಾಲಾದಲ್ಲಿ ನಡೆದ ಕಾಳಗದ್ದು. ರಾತ್ರಿ ಪೂರ್ತಿ ಕೆಳಗಿನ ಸೈನಿಕರು ಟ್ಯಾಂಕ್‌ಗಳ ಎದುರು ನಿಂತಿರ್ತಾರೆ, ಜೈಸಲ್ಮೇರ್‌ನಲ್ಲಿ ಹಂಟರ್ ವಿಮಾನಗಳು ಬೆಳಕು ಹರಿಯಲಿ ಅಂತ ಕಾಯ್ತಿರುತ್ವೆ, ಯಾಕಂದ್ರೆ ರಾತ್ರಿ ಹೊತ್ತು ದಾಳಿ ಮಾಡೋ ಸಾಧನ ಅವಕ್ಕಿರಲಿಲ್ಲ. ಆ ಕಾಯೋದು ನಿಜ, 1971ರ ಡಿಸೆಂಬರ್ 5ರ ಬೆಳಗ್ಗೆ ಹಾಗೇ ಆಗಿದ್ದು. ಹಾಡುಗಳನ್ನ ಬಿಟ್ಟು ನೋಡಿದ್ರೆ ಆ ಸಿನಿಮಾ ನಿಂತಿರೋದೇ ಆ ಒಂದು ಮಿತಿ ಮೇಲೆ, ಜನ ಸೂರ್ಯ ಹುಟ್ಟಿದ್ದಕ್ಕೆ ಥಿಯೇಟರ್‌ನಲ್ಲಿ ಶಿಳ್ಳೆ ಹೊಡೆದ್ರು! ಬೆಂಗಳೂರಿನವರಿಗೆ ಇನ್ನೊಂದು ಮಾತು, ಅವತ್ತು ಹಂಟರ್‌ಗಳಿಗೆ ಟ್ಯಾಂಕ್ ಎಲ್ಲಿದೆ ಅಂತ ಮೇಲೆ ಸುತ್ತುತ್ತಾ ತೋರಿಸಿದ್ದು ಕೃಷಕ್ ಅನ್ನೋ ಪುಟ್ಟ ವಿಮಾನ, ಮೇಜರ್ ಆತ್ಮಾ ಸಿಂಗ್ ಹಾರಿಸಿದ್ದು, ನಮ್ಮ ಎಚ್‌ಎಎಲ್‌ನಲ್ಲಿ ಮಾಡಿದ್ದು. ಇಲ್ಲೇ ತಯಾರಾದ ಮಾರುತ್ ಜೆಟ್‌ಗಳೂ ಆ ಮರಳುಗಾಡಿನ ಮೇಲೆ ಹೋಗಿ ಬಂದಿದ್ವು. ಫ್ಯಾನ್ ಇರೋ ಪುಟ್ಟ ವಿಮಾನಕ್ಕೆ ಸ್ಲೋ ಮೋಷನ್ ಯಾರು ಕೊಡ್ತಾರೆ ಬಿಡಿ.

ಈಗಿನ ಯುದ್ಧ ಬೇರೆ ಥರ, ವೈರಿ ಕಣ್ಣಿಗೇ ಬೀಳಲ್ಲ, ರಾಡಾರ್ ಮೇಲಿನ ಚುಕ್ಕೆಗೆ ಹತ್ತಾರು ಕಿಲೋಮೀಟರ್ ದೂರದಿಂದ ಮಿಸೈಲ್ ಬಿಡ್ತಾರೆ, ಹಾಗಾಗಿ ಸಿನಿಮಾದವರು ಏನ್ ತೋರಿಸ್ತಾರೆ ಪಾಪ ಅಂತ ನನ್ನ ಅಳಿಯ ವಾದ ಮಾಡ್ತಾನೆ. 2019ರ ಬಾಲಾಕೋಟ್ ದಾಳಿಗೆ ನಮ್ಮ ಮಿರಾಜ್ ಯುದ್ಧವಿಮಾನಗಳು ಗ್ವಾಲಿಯರ್‌ನಿಂದ ಹೊರಟಿದ್ದು, ಅಷ್ಟು ದೂರಕ್ಕೆ ಗಾಳಿಯಲ್ಲೇ ಇಂಧನ ತುಂಬಿಸೋ ಐಎಲ್-78 ಬೇಕಾಯ್ತು. ಕತ್ತಲಲ್ಲಿ ಒಂದು ಟ್ಯಾಂಕರ್ ವಿಮಾನದ ಹಿಂದೆ ನೇತಾಡೋ ಪೈಪಿನ ಬುಟ್ಟಿಗೆ ತನ್ನ ಮೂಗಿನ ಮುಂದಿನ ನಳಿಕೆ ತೂರಿಸಬೇಕು, ಎರಡೂ ಹಾರ್ತಾ ಇವೆ, ಅದು ಸಿಗಲಿಲ್ಲ ಅಂದ್ರೆ ಮುಂದಿಲ್ಲ. ಇದನ್ನ ಸರಿಯಾಗಿ ಹತ್ತು ನಿಮಿಷ ತೋರಿಸಿ ನೋಡೋಣ ಅಂತ ನಾನು ಅಂದೆ, ಯಾವ ಡಾಗ್‌ಫೈಟ್ ಅದರ ಮುಂದೆ ನಿಲ್ಲುತ್ತೆ. ಅವನು ಒಪ್ಪಲಿಲ್ಲ.

ಈ ಪತ್ರ ಇಷ್ಟು ಉದ್ದ ಬರೆದಿದ್ದಕ್ಕೆ ನಿಜವಾದ ಕಾರಣ ಇದು. ನಮ್ಮ ಕನ್ನಡದಲ್ಲಿ 'ಮುತ್ತಿನ ಹಾರ' ಬಂದಾಗ ವಿಷ್ಣು ಸರ್ ಕೊಡಗಿನ ಸೈನಿಕನಾಗಿ ಮಾಡಿದ್ದು ಇವತ್ತಿಗೂ ಜನ ಮರೆತಿಲ್ಲ. ದೇವಯ್ಯನವರ ಕಥೆ ಕನ್ನಡದಲ್ಲಿ ಅವರದ್ದೇ ಹೆಸರಿಟ್ಟು ಯಾರಾದ್ರೂ ಮಾಡ್ಬೇಕು. ಅಷ್ಟು ಬಜೆಟ್ ನಮಗೆಲ್ಲಿದೆ ಅಂತಾರೆ. ಬಜೆಟ್ ಬೇಡ ಸ್ವಾಮಿ. ಮಿಸ್ಟೇರ್ ಕಾಕ್‌ಪಿಟ್ ಒಂದನ್ನ ಮರ-ತಗಡಿನಲ್ಲಿ ಸರಿಯಾಗಿ ಕಟ್ಟಿ, ಡಯಲ್‌ಗಳು ಸರಿಯಾದ ಜಾಗದಲ್ಲಿರಲಿ, ಫ್ರೆಂಚ್ ವಿಮಾನ ಅಂತ ನೆನಪಿರಲಿ. ಮುಖಕ್ಕೆ ಮಾಸ್ಕ್ ಹಾಕಿ, ತೆಗೀಬೇಡಿ. ಶುರುವಿನಲ್ಲೇ ಬ್ರೀಫಿಂಗ್ ರೂಮ್‌ನಲ್ಲಿ ಬೋರ್ಡ್ ಮೇಲೆ ಲೆಕ್ಕ ಬರೆಸಿ, ಹೋಗೋಕೆ ಇಷ್ಟು, ಬರೋಕೆ ಇಷ್ಟು, ಉಳಿದಿದ್ದು ಇಷ್ಟೇ ಅಂತ, ಥಿಯೇಟರ್‌ನಲ್ಲಿರೋ ಕಾಲೇಜು ಹುಡುಗನಿಂದ ಹಿಡಿದು ಅಜ್ಜಿವರೆಗೂ ಎಲ್ಲರಿಗೂ ಆ ಅಂಕಿ ಬಾಯಿಪಾಠ ಆಗಬೇಕು. ಆಮೇಲೆ ಸರ್ಗೋಧಾ ಮೇಲೆ ಮುಳ್ಳು ಆ ಅಂಕಿ ದಾಟಿ ಕೆಳಗಿಳಿಯೋದನ್ನ ಸುಮ್ಮನೆ ತೋರಿಸಿ, ಮ್ಯೂಸಿಕ್ ಕೂಡ ಬೇಡ. ಹೊರಗಿನ ಸ್ಟಾರ್‌ಫೈಟರ್ ಕನ್ನಡಿಯಲ್ಲಿ ಒಂದು ಕ್ಷಣ ಕಂಡ್ರೆ ಸಾಕು, ಅಸಲಿಗೆ ಅಷ್ಟೇ ಕಾಣೋದು. ಲೆಕ್ಕದಲ್ಲಿ ಸಹಾಯ ಬೇಕಂದ್ರೆ ಜಾಲಹಳ್ಳಿ, ವಿದ್ಯಾರಣ್ಯಪುರ ಕಡೆ ನನ್ನ ಥರದ ರಿಟೈರ್ಡ್ ಫಿಟ್ಟರ್‌ಗಳು ಬೀದಿಗೊಬ್ಬರು ಸಿಗ್ತಾರೆ, ದುಡ್ಡೇನೂ ಕೇಳಲ್ಲ, ಕಾಫಿ ಕೊಟ್ರೆ ದಿನಪೂರ್ತಿ ಮಾತಾಡ್ತಾರೆ.

ನಿಮ್ಮ ವಿಮರ್ಶಕರಿಗೂ ಒಂದು ವಿನಂತಿ, ಮುಂದಿನ ಸಾರಿ ನೈಜ ಅಂತ ಬರೆಯೋ ಮೊದಲು ಈ ವಿಮಾನ ಎಲ್ಲಿಂದ ಹೊರಡ್ತು, ಎಲ್ಲಿಗೆ ಹೋಯ್ತು, ವಾಪಸ್ ಬರೋಕೆ ಏನಿತ್ತು ಅಂತ ಒಂದು ಸಾರಿ ಕೇಳ್ಕೊಳ್ಳಲಿ. ಸಿನಿಮಾದಲ್ಲಿ ಅದಕ್ಕೆ ಉತ್ತರ ಇದ್ರೆ ಧಾರಾಳವಾಗಿ ನಾಲ್ಕು ಸ್ಟಾರ್ ಕೊಡಲಿ.

ಪತ್ರ ಉದ್ದ ಆಯ್ತು ಅಂತ ಗೊತ್ತು. ಜಾಗ ಸಾಲಲ್ಲ ಅಂದ್ರೆ ಹಾಲಿವುಡ್ ಭಾಗ ಎಷ್ಟು ಬೇಕಾದ್ರೂ ಕತ್ತರಿಸಿ, ದೇವಯ್ಯನವರ ಭಾಗ ಮಾತ್ರ ಮುಟ್ಟಬೇಡಿ.

ಇತಿ ನಿಮ್ಮ ಹಳೇ ಓದುಗ,
ಒಬ್ಬ ನಿವೃತ್ತ ಇಂಜಿನ್ ಫಿಟ್ಟರ್,
ಜಾಲಹಳ್ಳಿ, ಬೆಂಗಳೂರು